ಒಡೆಯನಿಲ್ಲದ ಖಾತೆ ಪುಸ್ತಕ: ಬಿಟ್‌ಕಾಯಿನ್ ನಿಯಮ ಬದಲಿಸುವವರು ಯಾರು?

2025ರ ಅಕ್ಟೋಬರ್‌ನಲ್ಲಿ ಬಿಟ್‌ಕಾಯಿನ್ ಕೋರ್ ಎಂಬ ತಂತ್ರಾಂಶದ 30ನೇ ಆವೃತ್ತಿ ಹೊರಬಂತು. ನಮ್ಮ ಫೋನಿನ ಆ್ಯಪ್ ಅಪ್‌ಡೇಟ್ ಆಗುತ್ತದಲ್ಲ, ಇದೂ ಅಂಥದ್ದೇ ಒಂದು ಅಪ್‌ಡೇಟ್. ಆದರೆ ಇದಕ್ಕಾಗಿ ತಿಂಗಳುಗಟ್ಟಲೆ ಜಗಳ ನಡೆಯಿತು. ಸಾವಿರಾರು ಜನ 'ಈ ಆವೃತ್ತಿ ನಮಗೆ ಬೇಡ' ಎಂದು ಬೇರೆ ತಂತ್ರಾಂಶ ಹಾಕಿಕೊಂಡರು.

ಝಳಕಿ ಕ್ರಾಸ್‌ನಲ್ಲಿ ನಿಂತರೆ ಒಂದು ಕಡೆ ಇಂಡಿ, ಇನ್ನೊಂದು ಕಡೆ ಚಡಚಣ, ಮೇಲೆ ಸೊಲ್ಲಾಪುರ, ಕೆಳಗೆ ವಿಜಯಪುರ. ಈ ನಾಲ್ಕೂ ದಾರಿಯ ಊರುಗಳಲ್ಲಿ ಈಗ ಹುಡುಗರ ಫೋನಿನಲ್ಲಿ ಬಿಟ್‌ಕಾಯಿನ್ ಬೆಲೆ ಓಡುತ್ತಿರುತ್ತದೆ. ಬೆಲೆಯ ಬಗ್ಗೆ ಮಾತಾಡುವವರು ಬಹಳ ಜನ. ಆ ಲೆಕ್ಕವನ್ನು ಬರೆಯುವ ಪುಸ್ತಕದ ಬಗ್ಗೆ, ಅದರ ನಿಯಮ ಬದಲಾಗುವ ಬಗೆಯ ಬಗ್ಗೆ ಮಾತಾಡುವವರು ಕಡಿಮೆ. ಈ ಲೇಖನದಲ್ಲಿ ನಾವು ಬೆಲೆಯ ಮಾತು ಬಿಟ್ಟು, ಪುಸ್ತಕದ ಚರಿತ್ರೆ ಹೇಳುತ್ತೇವೆ.

ದಫ್ತರ ಯಾರ ಕೈಯಲ್ಲಿ?

ಲೆಕ್ಕದ ಪುಸ್ತಕ ಯಾರ ಕೈಯಲ್ಲಿ ಇರುತ್ತದೋ ಅವನ ಕೈಯಲ್ಲಿ ಊರು ಇರುತ್ತದೆ ಎನ್ನುವುದು ನಮ್ಮ ಭಾಗದವರಿಗೆ ಹೇಳಿಕೊಡಬೇಕಾದ ಮಾತಲ್ಲ. ವಿಜಯಪುರ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತದಲ್ಲಿ ಇತ್ತು. ಊರಿನ ಜಮೀನಿನ ದಫ್ತರ ಕುಲಕರ್ಣಿಗಳ ಮನೆಯಲ್ಲಿ ಇರುತ್ತಿತ್ತು, ಮಗನಿಗೆ, ಮೊಮ್ಮಗನಿಗೆ ವತನವಾಗಿ ಬರುತ್ತಿತ್ತು. 1950ರಲ್ಲಿ ಮುಂಬಯಿ ಸರ್ಕಾರ ಕಾಯ್ದೆ ತಂದು ಆ ವತನ ರದ್ದು ಮಾಡಿತು. ದಫ್ತರ ಸಂಬಳದ ತಲಾಠಿಯ ಕೈಗೆ ಬಂತು.

ಆಮೇಲೆ 2000ದ ಸುಮಾರಿಗೆ ಕರ್ನಾಟಕ ಸರ್ಕಾರ 'ಭೂಮಿ' ತಂತ್ರಾಂಶ ತಂದಿತು. ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ಲೆಕ್ಕ ಗಣಕಯಂತ್ರಕ್ಕೆ ಹೋಯಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಸಿಗುವಂತಾಯಿತು. ಕೈಬರಹದ ಉತಾರಕ್ಕೆ ಬೆಲೆ ಇಲ್ಲವೆಂದು ಸರ್ಕಾರ ಹೇಳಿತು, ಎಲ್ಲರೂ ಒಪ್ಪಿದರು. ಒಪ್ಪದೆ ದಾರಿ ಇರಲಿಲ್ಲ. ಗಡಿಯಾಚೆ ಹೋದರೆ ಅದೇ ಕೆಲಸಕ್ಕೆ ಮಹಾರಾಷ್ಟ್ರದ ಸಾತಬಾರಾ ಬೇರೆ, ಅದರ ತಂತ್ರಾಂಶ ಬೇರೆ, ನಿಯಮ ಬೇರೆ.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಕುಲಕರ್ಣಿ ಇರಲಿ, ತಲಾಠಿ ಇರಲಿ, ಭೂಮಿ ಇರಲಿ, ಪುಸ್ತಕಕ್ಕೆ ಒಬ್ಬ ಒಡೆಯ ಇದ್ದ. ನಿಯಮ ಬದಲಾದರೆ ಬದಲಿಸಿದ್ದು ಯಾರು ಎಂದು ಗೊತ್ತಿರುತ್ತಿತ್ತು. ತಪ್ಪಾದರೆ ತಹಶೀಲ್ದಾರರ ಹತ್ತಿರ ಹೋಗಬಹುದು, ಕೋರ್ಟಿಗೆ ಹೋಗಬಹುದು.

ಬಿಟ್‌ಕಾಯಿನ್ ಪುಸ್ತಕಕ್ಕೆ ಆ ಒಡೆಯ ಇಲ್ಲ. ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಯಾರೋ 2008ರ ಅಕ್ಟೋಬರ್ 31ರಂದು ಇದರ ಯೋಜನೆ ಪ್ರಕಟಿಸಿದರು. 2009ರ ಜನವರಿಯಲ್ಲಿ ಮೊದಲ ತಂತ್ರಾಂಶ ಬಂತು, ಆವೃತ್ತಿ 0.1. ಅದನ್ನು ಹಾಕಿಕೊಂಡ ಪ್ರತಿ ಗಣಕಯಂತ್ರವೂ ಒಂದು 'ನೋಡ್'. ಪ್ರತಿ ನೋಡ್‌ನಲ್ಲೂ ಇಡೀ ಪುಸ್ತಕದ ಒಂದು ಪ್ರತಿ. ಸುಮಾರು 10 ನಿಮಿಷಕ್ಕೊಮ್ಮೆ ಹೊಸ ಪುಟ ಸೇರುತ್ತದೆ, ಅದಕ್ಕೆ 'ಬ್ಲಾಕ್' ಎನ್ನುತ್ತಾರೆ. ಪುಟ ಬರೆಯುವವರು ಮೈನರ್‌ಗಳು. ಆ ಪುಟ ನಿಯಮದಂತೆ ಇದೆಯೋ ಇಲ್ಲವೋ ಎಂದು ಪ್ರತಿ ನೋಡ್ ತಾನೇ ಎಣಿಸಿ ನೋಡುತ್ತದೆ. ಸರಿ ಇದ್ದರೆ ಸೇರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹರಿದು ಹಾಕುತ್ತದೆ.

ಊರಿನ ಪ್ರತಿ ಮನೆಯಲ್ಲೂ ಇಡೀ ಊರಿನ ಉತಾರ ಇದ್ದು, ಪ್ರತಿ ಖಾತಾ ಬದಲಾವಣೆಯನ್ನೂ ಪ್ರತಿ ಮನೆಯವರೂ ತಾವೇ ತಾಳೆ ನೋಡುವುದನ್ನು ಊಹಿಸಿಕೊಳ್ಳಿ. ಹಾಗಾದರೆ ತಾಳೆ ನೋಡುವ ನಿಯಮವೇ ಬದಲಾಗಬೇಕಾದಾಗ ಏನು ಮಾಡುವುದು? ಈ ಪುಸ್ತಕದ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ಇದೆ.

2010: ಸೊನ್ನೆಗೆ ಮರಳಿದ ಮೀಟರು

ಬಿಟ್‌ಕಾಯಿನ್‌ನ ಮೊದಲ ನಿಯಮ: ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ನಾಣ್ಯ ಎಂದೂ ಹುಟ್ಟಬಾರದು. 2010ರ ಆಗಸ್ಟ್ 15ರಂದು ಪುಸ್ತಕದ 74,638ನೇ ಪುಟದಲ್ಲಿ ಯಾರೋ ಒಬ್ಬರು ಒಂದೇ ಏಟಿಗೆ 18,400 ಕೋಟಿಗೂ ಹೆಚ್ಚು ಬಿಟ್‌ಕಾಯಿನ್ ಸೃಷ್ಟಿಸಿದ್ದು ಕಂಡುಬಂತು.

ಹೇಗಾಯಿತು? ಹಳೆಯ ಲಾರಿಯ ಕಿಲೋಮೀಟರ್ ಮೀಟರು 99,999 ಆದ ಮೇಲೆ ಮತ್ತೆ 00000ಕ್ಕೆ ಬರುತ್ತದಲ್ಲ, ಹಾಗೆಯೇ ಗಣಕಯಂತ್ರದ ಅಂಕಿಗೂ ಒಂದು ಮಿತಿ ಇರುತ್ತದೆ. ಎರಡು ಅತಿ ದೊಡ್ಡ ಮೊತ್ತಗಳನ್ನು ಕೂಡಿಸಿದಾಗ ಅಂಕಿ ತಿರುಗಿ ಮಿತಿಯ ಆಚೆಗೆ ಬಿತ್ತು. ಒಟ್ಟು ಮೊತ್ತ ಚಿಕ್ಕದಾಗಿದೆ ಎಂದು ತಂತ್ರಾಂಶ ತಿಳಿಯಿತು, ಪುಟಕ್ಕೆ ಒಪ್ಪಿಗೆ ಕೊಟ್ಟಿತು.

ಸತೋಶಿ ಆಗ ಇನ್ನೂ ಕೆಲಸ ಮಾಡುತ್ತಿದ್ದರು. ಕೆಲವೇ ಗಂಟೆಗಳಲ್ಲಿ ತಿದ್ದುಪಡಿ ಬಂತು, 0.3.10 ಆವೃತ್ತಿ ಹೊರಬಂತು. ಹೊಸ ಆವೃತ್ತಿ ಹಾಕಿಕೊಂಡವರು ಆ ಕೆಟ್ಟ ಪುಟವನ್ನು ತಿರಸ್ಕರಿಸಿ, ಅದರ ಹಿಂದಿನ ಪುಟದಿಂದ ಮತ್ತೆ ಬರೆಯತೊಡಗಿದರು. ಸುಮಾರು 50 ಪುಟಗಳ ನಂತರ ಒಳ್ಳೆಯ ಪುಸ್ತಕ ಕೆಟ್ಟದ್ದನ್ನು ಹಿಂದೆ ಹಾಕಿತು. ಸುಳ್ಳು ನಾಣ್ಯ ಇಲ್ಲವಾಯಿತು.

ಆಗ ಒಂದು ಬಿಟ್‌ಕಾಯಿನ್ ಬೆಲೆ 10 ಸೆಂಟಿಗಿಂತ ಕಡಿಮೆ. ಇದ್ದವರು ಕೆಲವೇ ಜನ, ಮಾತು ಕೇಳುವವರು ಇದ್ದರು, ಹೇಳುವವರೂ ಇದ್ದರು. ಆದ್ದರಿಂದ ಬೇಗ ಮುಗಿಯಿತು. 2011ರ ಹೊತ್ತಿಗೆ ಸತೋಶಿ ಮಾತು ನಿಲ್ಲಿಸಿ ಹೊರಟುಹೋದರು. ಅಂದಿನಿಂದ ಹೇಳುವವರು ಯಾರೂ ಇಲ್ಲ.

2013: ಎರಡಾದ ಪುಸ್ತಕ

2013ರ ಫೆಬ್ರವರಿಯಲ್ಲಿ 0.8 ಆವೃತ್ತಿ ಬಂತು. ನಿಯಮ ಯಾವುದೂ ಬದಲಾಗಿರಲಿಲ್ಲ. ಲೆಕ್ಕ ಇಡುವ ಕಪಾಟು ಮಾತ್ರ ಬದಲಾಗಿತ್ತು: ಮೊದಲು ಬರ್ಕ್ಲಿ ಡಿಬಿ ಎಂಬ ದತ್ತಸಂಚಯ ಇತ್ತು, ಈಗ ಲೆವೆಲ್ ಡಿಬಿ ಬಂದಿತ್ತು. ಕೆಲಸ ಚುರುಕಾಯಿತು ಎಂದು ಎಲ್ಲರಿಗೂ ಖುಷಿ.

ಹಳೆಯ ಕಪಾಟಿಗೆ ಯಾರೂ ಬರೆದಿಡದ ಒಂದು ಮಿತಿ ಇತ್ತು. ಒಂದೇ ಪುಟದಲ್ಲಿ ಬಹಳ ವ್ಯವಹಾರ ಬಂದರೆ ಅದು ತಡೆದುಕೊಳ್ಳುತ್ತಿರಲಿಲ್ಲ. ಮಾರ್ಚ್ 11ರ ರಾತ್ರಿ 225,430ನೇ ಪುಟ ಅಷ್ಟು ದೊಡ್ಡದಾಗಿ ಬಂತು. ಹೊಸ ಆವೃತ್ತಿಯವರು ಒಪ್ಪಿದರು, ಹಳೆಯ 0.7 ಆವೃತ್ತಿಯ ಅನೇಕ ನೋಡ್‌ಗಳು ಒಪ್ಪಲಿಲ್ಲ. ಪುಸ್ತಕ ಎರಡಾಯಿತು. ಎರಡೂ ಮುಂದುವರಿದವು.

ಒಂದೇ ಹೊಲದ ಮೇಲೆ ಎರಡು ಉತಾರ ಹೊರಟರೆ ಏನಾಗುತ್ತದೋ ಅದೇ ಅಪಾಯ ಇಲ್ಲಿ. ಒಂದು ಪುಸ್ತಕದಲ್ಲಿ ಕೊಟ್ಟ ಹಣವನ್ನು ಇನ್ನೊಂದರಲ್ಲಿ ಕೊಟ್ಟೇ ಇಲ್ಲ ಎನ್ನಬಹುದು. ಸುಮಾರು 10,000 ಡಾಲರಿನ ಒಂದು ಪಾವತಿ ಹಾಗೆ ಎರಡು ಸಲ ಖರ್ಚಾಯಿತು ಕೂಡ.

ಯಾವ ಪುಸ್ತಕ ಉಳಿಯಬೇಕು? ಹೊಸದೇ ಉತ್ತಮ, ವೇಗದ್ದು. ಆದರೆ ಹಳೆಯದರಲ್ಲಿ ಇನ್ನೂ ಬಹಳ ಅಂಗಡಿಗಳು, ಬಳಕೆದಾರರು ಇದ್ದರು. ಅವರೆಲ್ಲರನ್ನೂ ಒಂದೇ ರಾತ್ರಿಯಲ್ಲಿ ಬದಲಿಸಲು ಆಗುವುದಿಲ್ಲ. ಆದ್ದರಿಂದ ಹಿಂದೆ ಹೋಗೋಣ ಎಂದು ತಂತ್ರಜ್ಞರು ಕೇಳಿಕೊಂಡರು. ಬಿಟಿಸಿ ಗಿಲ್ಡ್ ಎಂಬ ದೊಡ್ಡ ಮೈನಿಂಗ್ ಗುಂಪು ತಾನು ಹೊಸ ಪುಸ್ತಕದಲ್ಲಿ ಗಳಿಸಿದ್ದನ್ನು ಕಳೆದುಕೊಂಡು ಹಳೆಯದಕ್ಕೆ ಮರಳಿತು. ಕೆಲವು ಗಂಟೆಗಳಲ್ಲಿ ಹಳೆಯ ಪುಸ್ತಕ ಮುಂದೆ ಬಂತು. ಹೊಸದರ 24 ಪುಟಗಳು ವ್ಯರ್ಥವಾದವು.

ಈ ಘಟನೆಯಿಂದ ಕಲಿತದ್ದು ಏನೆಂದರೆ, ಒಡೆಯನಿಲ್ಲದ ಪುಸ್ತಕದಲ್ಲಿ ಉತ್ತಮವಾದದ್ದಕ್ಕಿಂತ ಎಲ್ಲರೂ ಒಟ್ಟಿಗೆ ಇರುವುದು ಮುಖ್ಯ. 0.8.1 ಆವೃತ್ತಿ ತಂದು, ಮೇ 15ರ ಒಳಗೆ ಎಲ್ಲರೂ ಬದಲಾಗಿ ಎಂದು ಎರಡು ತಿಂಗಳ ವಾಯಿದೆ ಕೊಟ್ಟರು.

2015: ಓದದೆ ಹಾಕಿದ ಸಹಿ

ಹೊಸ ನಿಯಮ ತರಲು ಒಂದು ಪದ್ಧತಿ ಇತ್ತು. ಮೈನರ್‌ಗಳು ತಾವು ಬರೆಯುವ ಪುಟದ ಮೇಲೆ 'ನಾವು ಸಿದ್ಧ' ಎಂದು ಗುರುತು ಹಾಕಬೇಕು. ಕೊನೆಯ 1,000 ಪುಟಗಳಲ್ಲಿ 950ಕ್ಕೆ ಗುರುತು ಬಂದರೆ ನಿಯಮ ಜಾರಿ.

2015ರ ಜುಲೈ 4ರಂದು, ಡಿಜಿಟಲ್ ಸಹಿಯ ರೂಪವನ್ನು ಬಿಗಿ ಮಾಡುವ ಒಂದು ನಿಯಮ ಹೀಗೆ ಜಾರಿಯಾಯಿತು. ಸ್ವಲ್ಪ ಹೊತ್ತಿಗೇ, ಬದಲಾಗದ ಒಬ್ಬ ಸಣ್ಣ ಮೈನರ್ ಹಳೆಯ ರೀತಿಯ ಪುಟ ಬರೆದ. ಅದು ಬೀಳಬೇಕಿತ್ತು. ಆದರೆ 'ಸಿದ್ಧ' ಎಂದು ಕೈಯೆತ್ತಿದ್ದ ದೊಡ್ಡ ಮೈನರ್‌ಗಳು ಆ ಪುಟವನ್ನು ಓದದೆ ಅದರ ಮೇಲೆಯೇ ಮುಂದಿನ ಪುಟ ಬರೆಯುತ್ತ ಹೋದರು. ತಾಳೆ ನೋಡಲು ಸಮಯ ಹೋಗುತ್ತದೆ, ಸಮಯ ಹೋದರೆ ಗಳಿಕೆ ಹೋಗುತ್ತದೆ ಎಂಬ ಲೆಕ್ಕ. ಆರು ಪುಟ ಹಾಗೆ ಬರೆದರು. ಹೊಸ ನಿಯಮ ಹಾಕಿಕೊಂಡಿದ್ದ ನೋಡ್‌ಗಳು ಆರನ್ನೂ ತಿರಸ್ಕರಿಸಿದವು. ಮೈನರ್‌ಗಳಿಗೆ ಸುಮಾರು 50,000 ಡಾಲರ್ ನಷ್ಟ.

ಠರಾವು ಓದದೆ ಸಹಿ ಹಾಕುವ ಸಭೆಗಳನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ನಷ್ಟ ಊರಿಗೆ. ಇಲ್ಲಿ ತಾಳೆ ನೋಡುವ ಕೆಲಸ ಬೇರೆಯವರ ಕೈಯಲ್ಲಿ ಇದ್ದುದರಿಂದ ನಷ್ಟ ಸಹಿ ಹಾಕಿದವರಿಗೇ ಆಯಿತು.

2017: ನ್ಯೂಯಾರ್ಕ್ ಒಪ್ಪಂದದಲ್ಲಿ ತುಮಕೂರಿನ ಹೆಸರು

ಒಂದು ಪುಟ 1 ಎಂಬಿ ಮೀರಬಾರದು ಎಂಬ ನಿಯಮವನ್ನು ಸತೋಶಿ 2010ರಲ್ಲೇ ಸೇರಿಸಿದ್ದರು. ಜನ ಹೆಚ್ಚಾದಂತೆ ಪುಟ ತುಂಬಿತು, ಶುಲ್ಕ ಏರಿತು. ಪುಟ ದೊಡ್ಡದು ಮಾಡಿ ಎಂದು ಕೆಲವರು. ಮಾಡಿದರೆ ಪುಸ್ತಕ ಬೆಳೆದು ಸಾಮಾನ್ಯ ಮನೆಯ ಗಣಕಯಂತ್ರದಲ್ಲಿ ಇಡಲಾಗದು, ಕೊನೆಗೆ ನಾಲ್ಕು ಕಂಪನಿಗಳ ಕೈಗೆ ಹೋಗುತ್ತದೆ ಎಂದು ಇನ್ನು ಕೆಲವರು. 2015ರಿಂದ ಎರಡು ವರ್ಷ ಈ ಜಗಳ ನಡೆಯಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಿಯಮ ಬಿಗಿ ಮಾಡುವುದು ಬೇರೆ, ಸಡಿಲಿಸುವುದು ಬೇರೆ. ಇಂಡಿ ಲಿಂಬೆಯ ಒಂದು ಚೀಲದಲ್ಲಿ 1,000 ಕಾಯಿ ಮೀರಬಾರದು ಎಂಬ ನಿಯಮ ಇದೆ ಎಂದುಕೊಳ್ಳಿ. ಹೊಸ ನಿಯಮ '800 ಮೀರಬಾರದು' ಎಂದರೆ, ಹಳೆಯ ನಿಯಮವಷ್ಟೇ ಗೊತ್ತಿರುವ ತಪಾಸಣೆಯವನೂ ಆ ಚೀಲವನ್ನು ಬಿಡುತ್ತಾನೆ. ಹೊಸ ನಿಯಮ '2,000 ಇರಬಹುದು' ಎಂದರೆ ಹಳೆಯ ತಪಾಸಣೆಯವನು ಚೀಲ ತಡೆಯುತ್ತಾನೆ. ಮೊದಲನೆಯದಕ್ಕೆ ಸಾಫ್ಟ್ ಫೋರ್ಕ್, ಎರಡನೆಯದಕ್ಕೆ ಹಾರ್ಡ್ ಫೋರ್ಕ್ ಎನ್ನುತ್ತಾರೆ. ಎರಡನೆಯದರಲ್ಲಿ ಎಲ್ಲರೂ ಬದಲಾಗದಿದ್ದರೆ ಪುಸ್ತಕ ಒಡೆಯುತ್ತದೆ.

2016ರ ಅಕ್ಟೋಬರ್‌ನ 0.13.1 ಆವೃತ್ತಿಯಲ್ಲಿ ಸೆಗ್‌ವಿಟ್ ಎಂಬ ಮೊದಲ ಬಗೆಯ ಉಪಾಯ ಬಂತು: ಸಹಿಗಳನ್ನು ಬೇರೆ ಕಡೆ ಇಟ್ಟು ಪುಟದಲ್ಲಿ ಜಾಗ ಮಾಡುವುದು. ಮೈನರ್‌ಗಳು ಗುರುತು ಹಾಕಲು ಹಿಂದೆಮುಂದೆ ನೋಡಿದರು. 2017ರ ಮೇ 23ರಂದು ನ್ಯೂಯಾರ್ಕ್‌ನಲ್ಲಿ 22 ದೇಶಗಳ 58 ಕಂಪನಿಗಳು ಒಪ್ಪಂದಕ್ಕೆ ಬಂದವು: ಸೆಗ್‌ವಿಟ್ ಕೂಡ ಆಗಲಿ, ಆಮೇಲೆ 2 ಎಂಬಿಯ ಹಾರ್ಡ್ ಫೋರ್ಕ್ ಕೂಡ ಆಗಲಿ. ಮೈನಿಂಗ್ ಶಕ್ತಿಯ 80 ಪ್ರತಿಶತಕ್ಕೂ ಹೆಚ್ಚು ಈ ಕಂಪನಿಗಳ ಕೈಯಲ್ಲಿ ಇತ್ತು. ಆ ಪಟ್ಟಿಯಲ್ಲಿ ನಮ್ಮ ರಾಜ್ಯದ ಒಂದು ಹೆಸರೂ ಇದೆ: 2013ರಲ್ಲಿ ಶುರುವಾದ, ತುಮಕೂರಿನ ಮೂಲದ ಯುನೊಕಾಯಿನ್.

ಇಷ್ಟು ಬಲ ಒಂದಾದ ಮೇಲೆ ಮುಗಿಯಿತು ಎಂದೇ ಬಹಳ ಜನ ತಿಳಿದರು. ಆದರೆ ಮನೆಯಲ್ಲಿ ನೋಡ್ ಇಟ್ಟುಕೊಂಡ ಸಾಮಾನ್ಯ ಜನ ಬೇರೆ ದಾರಿ ಹಿಡಿದರು. 'ಆಗಸ್ಟ್ 1ರಿಂದ ಸೆಗ್‌ವಿಟ್ ಗುರುತು ಇಲ್ಲದ ಪುಟವನ್ನು ನಮ್ಮ ನೋಡ್ ಸ್ವೀಕರಿಸುವುದಿಲ್ಲ' ಎಂಬ ತಂತ್ರಾಂಶ ಹಾಕಿಕೊಂಡರು. ಆ ದಿನ ಬರುವ ಮೊದಲೇ ಮೈನರ್‌ಗಳು ಗುರುತು ಹಾಕತೊಡಗಿದರು. ಒಪ್ಪದ ಒಂದು ಗುಂಪು ಆಗಸ್ಟ್ 1ರಂದು 8 ಎಂಬಿ ಪುಟದ ಬಿಟ್‌ಕಾಯಿನ್ ಕ್ಯಾಶ್ ಎಂಬ ಬೇರೆ ಪುಸ್ತಕ ತೆರೆಯಿತು. ಆಗಸ್ಟ್ 24ರಂದು ಸೆಗ್‌ವಿಟ್ ಜಾರಿಯಾಯಿತು. 2 ಎಂಬಿಯ ಯೋಜನೆಯನ್ನು ಅದರ ಮುಂದಾಳುಗಳೇ ನವೆಂಬರ್ 8ರಂದು, ಒಮ್ಮತ ಇಲ್ಲವೆಂದು ಕೈಬಿಟ್ಟರು.

ಯಾರಿಂದ ಎಷ್ಟು ಆಯಿತು ಎಂಬ ವಾದ ಇಂದಿಗೂ ಇದೆ. ಆದರೆ 58 ಕಂಪನಿಗಳ ಸಹಿ ಇದ್ದ ಕಾಗದ ಜಾರಿಯಾಗಲಿಲ್ಲ ಎನ್ನುವುದು ವಾದವಿಲ್ಲದ ಸಂಗತಿ. ಬರೆಯುವವರ ಬಲಕ್ಕೆ ತಾಳೆ ನೋಡುವವರ ಬಲ ಎದುರು ನಿಂತಿತ್ತು.

2018: ಸದ್ದಿಲ್ಲದ ತಪ್ಪು

ತಾಳೆ ನೋಡುವ ತಂತ್ರಾಂಶವೇ ತಪ್ಪಿದರೆ? 2018ರ ಸೆಪ್ಟೆಂಬರ್‌ನಲ್ಲಿ ಅದೂ ಬೆಳಕಿಗೆ ಬಂತು. ಕೆಲಸ ವೇಗ ಮಾಡಲು ಹೋಗಿ, ಒಂದೇ ವ್ಯವಹಾರದಲ್ಲಿ ಒಂದೇ ನಾಣ್ಯವನ್ನು ಎರಡು ಸಲ ತೋರಿಸಿದ್ದಾರೆಯೇ ಎಂಬ ತಪಾಸಣೆಯನ್ನು ಹಿಂದಿನ ಆವೃತ್ತಿಯಲ್ಲಿ ತೆಗೆದಿದ್ದರು. ಅದರಿಂದ ಒಬ್ಬ ಮೈನರ್ ಮನಸ್ಸು ಮಾಡಿದ್ದರೆ ಇಲ್ಲದ ನಾಣ್ಯ ಹುಟ್ಟಿಸಬಹುದಿತ್ತು. 2010ರಲ್ಲಿ ಕಂಡ ಭೂತ ಬೇರೆ ಬಾಗಿಲಿಂದ ಬಂದಿತ್ತು.

ಇದನ್ನು ಹುಡುಕಿ ಹೇಳಿದವರು ಪ್ರತಿಸ್ಪರ್ಧಿ ಬಿಟ್‌ಕಾಯಿನ್ ಕ್ಯಾಶ್ ಕಡೆಯ ಒಬ್ಬ ತಂತ್ರಜ್ಞ. ಸೆಪ್ಟೆಂಬರ್ 18ರಂದು 0.16.3 ಆವೃತ್ತಿ ಬಂತು. ನೋಡ್ ನಿಂತುಹೋಗುವ ತೊಂದರೆ ಇದೆ ಎಂದಷ್ಟೇ ಮೊದಲು ಹೇಳಿದರು, ಕಳ್ಳನಿಗೆ ದಾರಿ ತೋರಬಾರದೆಂದು. ಎರಡು ದಿನದ ಮೇಲೆ ಪೂರ್ತಿ ವಿಷಯ ತಿಳಿಸಿದರು. ಬಿಟ್‌ಕಾಯಿನ್ ಪುಸ್ತಕದಲ್ಲಿ ಯಾರೂ ಅದನ್ನು ಬಳಸಿಕೊಂಡಿರಲಿಲ್ಲ.

2025: ಷರಾ ಅಂಕಣದ ಜಗಳ

2021ರಲ್ಲಿ ಮುಂದಿನ ಸೊನ್ನೆ ಬಿಟ್ಟು 22.0 ಎಂದು ಆವೃತ್ತಿಗಳಿಗೆ ಹೆಸರಿಟ್ಟರು. ಅದೇ ವರ್ಷ ನವೆಂಬರ್ 14ರಂದು ಟ್ಯಾಪ್‌ರೂಟ್ ಎಂಬ ಸಾಫ್ಟ್ ಫೋರ್ಕ್ ಜಗಳವಿಲ್ಲದೆ ಜಾರಿಯಾಯಿತು. ಜಗಳ ಬಂದದ್ದು 30ನೇ ಆವೃತ್ತಿಗೆ.

ಉತಾರದಲ್ಲಿ ಷರಾ ಬರೆಯಲು ಜಾಗ ಇರುವಂತೆ ಬಿಟ್‌ಕಾಯಿನ್ ವ್ಯವಹಾರದಲ್ಲೂ ಹಣಕ್ಕೆ ಸಂಬಂಧವಿಲ್ಲದ ಮಾತು ಬರೆಯಲು ಒಂದು ಜಾಗ ಇದೆ. ಅದಕ್ಕೆ ಸುಮಾರು 80 ಬೈಟ್‌ಗಳ ಮಿತಿ ಇತ್ತು. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. 'ಝಳಕಿ' ಎಂದು ಬರೆದರೆ 12 ಬೈಟ್. ಅಂದರೆ ಒಂದು ಸಣ್ಣ ವಾಕ್ಯದಷ್ಟು ಜಾಗ. 30ನೇ ಆವೃತ್ತಿ ಈ ಮಿತಿಯನ್ನು 1 ಲಕ್ಷ ಬೈಟ್‌ಗೆ ಏರಿಸಿತು. ಮಿತಿ ತೆಗೆದ ಹಾಗೆಯೇ.

ಏರಿಸಿದವರ ವಾದ: ಜನ ಹೇಗೂ ಚಿತ್ರ, ಬರಹ ತುರುಕುತ್ತಿದ್ದಾರೆ. ಷರಾ ಜಾಗ ಸಾಲದೆ ಸುಳ್ಳು ಖಾತೆ ತೆರೆದು ಅದರಲ್ಲಿ ಬರೆಯುತ್ತಿದ್ದಾರೆ. ಆ ಸುಳ್ಳು ಖಾತೆಗಳನ್ನು ಪ್ರತಿ ನೋಡ್ ಎಂದೆಂದಿಗೂ ನೆನಪಿಡಬೇಕು. ಅದಕ್ಕಿಂತ ಷರಾದಲ್ಲೇ ಬರೆಯಲಿ.

ವಿರೋಧಿಸಿದವರ ವಾದ: ಇದು ಹಣದ ಪುಸ್ತಕ, ಗೋದಾಮು ಅಲ್ಲ. ಕಂಡವರ ಕಸವನ್ನು, ಕೆಲವೊಮ್ಮೆ ಕೆಟ್ಟ ವಸ್ತುವನ್ನು ನಮ್ಮ ಮನೆಯ ಯಂತ್ರದಲ್ಲಿ ನಾವೇಕೆ ಇಟ್ಟುಕೊಳ್ಳಬೇಕು? ಪುಸ್ತಕ ಈಗಾಗಲೇ 600 ಜಿಬಿ ದಾಟಿದೆ. ಇವರಲ್ಲಿ ಅನೇಕರು ಬಿಟ್‌ಕಾಯಿನ್ ನಾಟ್ಸ್ ಎಂಬ ಬೇರೆ ತಂತ್ರಾಂಶಕ್ಕೆ ಹೋದರು.

ಒಂದು ಸೂಕ್ಷ್ಮ ಇದೆ. ಇದು ಪುಟ ಒಪ್ಪುವ ನಿಯಮ ಅಲ್ಲ. ಪುಟಕ್ಕೆ ಸೇರುವ ಮೊದಲು ಚೀಟಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಪದ್ಧತಿ ಮಾತ್ರ. ಉದ್ದ ಷರಾದ ಚೀಟಿಯನ್ನು ನಾನು ದಾಟಿಸುವುದಿಲ್ಲ ಎನ್ನಬಹುದು, ಆದರೆ ಮೈನರ್ ಅದನ್ನು ಪುಟದಲ್ಲಿ ಬರೆದ ಮೇಲೆ ಆ ಪುಟವನ್ನು ಒಪ್ಪಲೇಬೇಕು. ಆದ್ದರಿಂದ ಪುಸ್ತಕ ಒಡೆಯಲಿಲ್ಲ. ಹೊಸ ಆವೃತ್ತಿಯಲ್ಲೂ ಬೇಕಾದವರು ತಮ್ಮ ನೋಡ್‌ನ ಮಿತಿಯನ್ನು ಇಳಿಸಿಕೊಳ್ಳಬಹುದು.

ಜಗಳದ ಸದ್ದಿನಲ್ಲಿ ಮುಚ್ಚಿಹೋದ ಇನ್ನೊಂದು ಬದಲಾವಣೆ ಇದೆ. 2013ರಲ್ಲಿ ತೊಂದರೆ ಕೊಟ್ಟ ಬರ್ಕ್ಲಿ ಡಿಬಿಯಲ್ಲಿ ಜನರ ವಾಲೆಟ್ ಫೈಲುಗಳು ಉಳಿದಿದ್ದವು. 30ನೇ ಆವೃತ್ತಿ ಆ ಹಳೆಯ ಫೈಲನ್ನು ನೇರವಾಗಿ ತೆರೆಯುವುದಿಲ್ಲ, ಹೊಸ ಮಾದರಿಗೆ ಬದಲಿಸಿಕೊಳ್ಳಬೇಕು. ಹಳೆಯ ಫೈಲು ಇಟ್ಟುಕೊಂಡವರು ಮೊದಲು ಅದರ ಎರಡು ನಕಲು ಬೇರೆ ಕಡೆ ತೆಗೆದಿಟ್ಟು ಮುಂದೆ ಹೋಗಬೇಕು.

ನಮಗೆ ಇದರಿಂದ ಏನು?

ಬಿಟ್‌ಕಾಯಿನ್ ಕೋರ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ತಾನಾಗಿ ಬದಲಾದರೆ ಬದಲಿಸುವವನೇ ಒಡೆಯನಾಗುತ್ತಾನೆ. ನೋಡ್ ಇಟ್ಟುಕೊಂಡವನು ಪ್ರತಿ ಸಲ ಓದಿ, ಹೂಂ ಎನ್ನಬೇಕು ಅಥವಾ ಊಹೂಂ ಎನ್ನಬೇಕು.

ಆದರೆ ನಮ್ಮ ಊರುಗಳಲ್ಲಿ ಬಿಟ್‌ಕಾಯಿನ್ ಕೊಂಡವರಲ್ಲಿ ಬಹುತೇಕ ಎಲ್ಲರ ಬಳಿ ಇರುವುದು ಕಂಪನಿಯ ಆ್ಯಪ್, ನೋಡ್ ಅಲ್ಲ. ಅವರಿಗೆ ಈ ಚರಿತ್ರೆಯಲ್ಲಿ ಹೂಂ ಎನ್ನುವ ಜಾಗವೂ ಇಲ್ಲ, ಊಹೂಂ ಎನ್ನುವ ಜಾಗವೂ ಇಲ್ಲ. ಆ್ಯಪ್‌ನಲ್ಲಿ ಕಾಣುವುದು ಕಂಪನಿಯ ಪುಸ್ತಕ, ಬಿಟ್‌ಕಾಯಿನ್‌ನದ್ದಲ್ಲ. ಕಂಪನಿಗೆ ಏಟು ಬಿದ್ದರೆ ಗ್ರಾಹಕನಿಗೆ ಬೀಳುತ್ತದೆ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಭಾರತದ ಕ್ರಿಪ್ಟೊ ಮಾರುಕಟ್ಟೆಯಿಂದ ಕಳ್ಳರು ಸುಮಾರು 23 ಕೋಟಿ ಡಾಲರ್ ಬೆಲೆಯ ಆಸ್ತಿ ಕದ್ದಾಗ ಸಾಮಾನ್ಯ ಗ್ರಾಹಕರ ಹಣ ತಿಂಗಳುಗಟ್ಟಲೆ ಸಿಕ್ಕಿಬಿದ್ದಿತ್ತು. ಬಿಟ್‌ಕಾಯಿನ್ ಪುಸ್ತಕದಲ್ಲಿ ಆಗ ಯಾವ ತಪ್ಪೂ ಆಗಿರಲಿಲ್ಲ.

ಸರ್ಕಾರದ ನಿಯಮಗಳೂ ಹೀಗೆಯೇ ಆವೃತ್ತಿ ಬದಲಿಸಿವೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯುನೊಕಾಯಿನ್ ಬೆಂಗಳೂರಿನ ಒಂದು ಮಾಲ್‌ನಲ್ಲಿ ಇಟ್ಟಿದ್ದ ಯಂತ್ರವನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಆ ಸುತ್ತೋಲೆ ರದ್ದು ಮಾಡಿತು. 2022ರ ಏಪ್ರಿಲ್‌ನಿಂದ ಲಾಭದ ಮೇಲೆ 30 ಪ್ರತಿಶತ ತೆರಿಗೆ, ಜುಲೈನಿಂದ ಮಾರಾಟದ ಮೇಲೆ 1 ಪ್ರತಿಶತ ಟಿಡಿಎಸ್ ಬಂತು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ.

ಕೊಳ್ಳಿ ಎಂದು ನಾವು ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಮೂರು ಮಾತು ಮಾತ್ರ. ಹಣ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವವರಿಗೂ ಈ ಪುಸ್ತಕಕ್ಕೂ ಸಂಬಂಧ ಇಲ್ಲ, ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ವಾಲೆಟ್‌ನ ಗುಪ್ತ ಪದಗಳನ್ನು 'ಅಪ್‌ಡೇಟ್ ಮಾಡಬೇಕು, ಕೊಡಿ' ಎಂದು ಯಾರು ಕೇಳಿದರೂ ಅವರು ಕಳ್ಳರೇ, ಯಾವ ಹೊಸ ಆವೃತ್ತಿಗೂ ಅವು ಬೇರೆಯವರಿಗೆ ಬೇಕಾಗುವುದಿಲ್ಲ. ಮೂರನೆಯದು, ಕಂಪ್ಯೂಟರ್ ಕಲಿತ ಮಕ್ಕಳು ಮನೆಯಲ್ಲಿದ್ದರೆ ಒಂದು ನೋಡ್ ಹಾಕಿ ನೋಡಲು ಹೇಳಿ. ಅದಕ್ಕೆ ಒಂದು ಬಿಟ್‌ಕಾಯಿನ್ ಕೂಡ ಬೇಕಿಲ್ಲ. ತಾಳೆ ನೋಡಿದ ಹಳೆಯ ಪುಟಗಳನ್ನು ಅಳಿಸುತ್ತ ಹೋಗುವ ವ್ಯವಸ್ಥೆ ಇರುವುದರಿಂದ ದೊಡ್ಡ ಡಿಸ್ಕ್ ಕೂಡ ಬೇಕಿಲ್ಲ, ಇಂಟರ್ನೆಟ್ ಡೇಟಾ ಮಾತ್ರ ನೂರಾರು ಜಿಬಿ ಖರ್ಚಾಗುತ್ತದೆ.

2009ರ ಮೊದಲ ಪುಟದಿಂದ ಇವತ್ತಿನ ಪುಟದವರೆಗೆ ಪ್ರತಿಯೊಂದನ್ನೂ ಆ ಯಂತ್ರ ತಾನೇ ಎಣಿಸಿ ನೋಡುತ್ತದೆ. ಒಂದು ಲೆಕ್ಕವನ್ನು ಯಾರನ್ನೂ ನಂಬದೆ ನಾವೇ ತಾಳೆ ನೋಡುವುದು ಹೇಗಿರುತ್ತದೆ ಎಂದು ಮಕ್ಕಳಿಗೆ ತಿಳಿಯುತ್ತದೆ. ಪಂಚಾಯಿತಿಯ ಲೆಕ್ಕ, ಸೊಸೈಟಿಯ ಲೆಕ್ಕ, ಅಡತಿ ಅಂಗಡಿಯ ಪಟ್ಟಿ ನೋಡುವಾಗಲೂ ಆ ಅಭ್ಯಾಸ ಕೆಲಸಕ್ಕೆ ಬರುತ್ತದೆ.